ಗಡಿ ದಾಟುವ 24 ಬೈಟುಗಳು

ದಾವಣಗೆರೆಯ ವಿನೋಬನಗರದಲ್ಲಿ ಮನೆಯುಳ್ಳ ವಿದ್ಯಾರ್ಥಿನಿಯೊಬ್ಬಳು ತನ್ನ ಮೊಬೈಲ್ ಫೋನಿನಲ್ಲಿ ಒಂದು ಅರ್ಜಿಯನ್ನು ತುಂಬುತ್ತಿದ್ದಾಳೆಂದು ಭಾವಿಸೋಣ. ವಿಳಾಸ ಕೇಳುವ ಸ್ಥಳದಲ್ಲಿ ಅವಳು ‘ವಿನೋಬನಗರ’ ಎಂಬ ಪದವನ್ನು ಕನ್ನಡದಲ್ಲಿಯೇ ಬೆರಳಚ್ಚು ಮಾಡಿ, ಅರ್ಜಿಯನ್ನು ಉಳಿಸುವ ಗುಂಡಿಯನ್ನು ಒತ್ತುವಳು. ಎವೆಯಿಕ್ಕುವುದರೊಳಗೆ ಕೆಲಸ ಮುಗಿದಿರುವುದು. ಫೋನಿನ ಒಂದೆಡೆಯಿದ್ದ ಪದವು ಇನ್ನೊಂದೆಡೆಗೆ ಹೋಗಿ ಕುಳಿತಿತು, ಇದರಲ್ಲೇನು ವಿಶೇಷ ಎಂದು ಕೇಳುವವರೂ ಉಂಟು. ವಿಶೇಷವಿರುವುದು ಆ ಎರಡು ಎಡೆಗಳ ನಡುವಣ ಗಡಿಯಲ್ಲಿ. ಈ ಗಡಿಯನ್ನು ಯಾವ ಪದವೂ ತಾನಾಗಿ ದಾಟುವಂತಿಲ್ಲ. ಆಚೆಯವರು ಬಂದು, ತಪಾಸಣೆ ನಡೆಸಿ, ಅಕ್ಷರಕ್ಕೆ ಅಕ್ಷರ ನಕಲು ಮಾಡಿಕೊಂಡು ಹೋಗಬೇಕು. ಆ ನಕಲಿನಲ್ಲಿ ಸಣ್ಣದೊಂದು ಅಜಾಗರೂಕತೆಯಾದರೂ ಇಡೀ ಫೋನು ಪರರ ಕೈವಶವಾಗಬಹುದು. ಹಾಗೆ ಆದದ್ದೂ ಉಂಟು.

ಮೊದಲು ನಮ್ಮ ಪದವನ್ನು ತೂಗಿ ನೋಡೋಣ. ಗಣಕಯಂತ್ರಕ್ಕೆ ಅಕ್ಷರಗಳು ತಿಳಿಯವು, ಸಂಖ್ಯೆಗಳು ಮಾತ್ರ ತಿಳಿಯುವುವು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಹಂಚಿಕೊಟ್ಟಿರುವ ಯೂನಿಕೋಡ್ ಎಂಬ ಏರ್ಪಾಟಿನಲ್ಲಿ ‘ವಿನೋಬನಗರ’ ಎಂಬುದು ಎಂಟು ಘಟಕಗಳ ಸರಣಿ: ವ, ಇಕಾರದ ಗುಡಿಸು, ನ, ಓಕಾರದ ಚಿಹ್ನೆ, ಬ, ನ, ಗ, ರ. ಯುಟಿಎಫ್-8 ಎಂಬ ಬರೆವಣಿಗೆಯ ಕ್ರಮದಲ್ಲಿ ಒಂದೊಂದು ಕನ್ನಡ ಘಟಕಕ್ಕೂ ಮೂರು ಬೈಟುಗಳು ಬೇಕು. ‘ವ’ ಎಂಬುದೊಂದೇ 224, 178, 181 ಎಂಬ ಮೂರು ಸಂಖ್ಯೆಗಳಾಗಿ ಕುಳಿತಿರುತ್ತದೆ. ಆದುದರಿಂದ ನಮ್ಮ ಪದದ ತೂಕ ಎಂಟು ಮೂರಲ ಇಪ್ಪತ್ತನಾಲ್ಕು, ಅಂದರೆ 24 ಬೈಟುಗಳು. ಈ 24 ಬೈಟುಗಳ ಬೆನ್ನು ಹಿಡಿದೇ ನಾವು ಗಡಿಯತ್ತ ಹೋಗೋಣ.

ಎರಡು ರಾಜ್ಯಗಳು

ಫೋನಿನಲ್ಲಾಗಲಿ ಮೇಜಿನ ಮೇಲಣ ಗಣಕದಲ್ಲಾಗಲಿ ಏಕಕಾಲದಲ್ಲಿ ಅನೇಕ ಪ್ರೋಗ್ರಾಮುಗಳು ಓಡುತ್ತಿರುವುವು. ಅರ್ಜಿ ತುಂಬುವ ಆ್ಯಪ್ ಒಂದು, ಬ್ಯಾಂಕಿನದೊಂದು, ಹಾಡು ಕೇಳಿಸುವುದೊಂದು. ಇವೆಲ್ಲವುಗಳ ಮೇಲೆ ಒಡೆತನ ನಡೆಸುವ, ಸ್ಮೃತಿಯನ್ನೂ ಕಾಲವನ್ನೂ ಪಾಲು ಹಾಕಿಕೊಡುವ, ಕಡತಗಳನ್ನೂ ಜಾಲಸಂಪರ್ಕವನ್ನೂ ನೋಡಿಕೊಳ್ಳುವ ಪ್ರಧಾನ ಪ್ರೋಗ್ರಾಮಿಗೆ ಕರ್ನೆಲ್ ಎಂದು ಹೆಸರು. ಕರ್ನೆಲ್ ಎಂದರೆ ತಿರುಳು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಲಿನಕ್ಸ್ ಎಂಬ ಕರ್ನೆಲ್ಲೇ ಇಂದು ಆಂಡ್ರಾಯ್ಡ್ ಫೋನುಗಳ ತಿರುಳಾಗಿದೆ. ಆದಕಾರಣ ನಮ್ಮ ಉದಾಹರಣೆಗಳೂ ಬಹುಮಟ್ಟಿಗೆ ಅದರವೇ.

ಸ್ಮೃತಿಯಲ್ಲಿ, ಎಂದರೆ ನಾವು ಮೆಮೊರಿ ಎಂದು ಕರೆಯುವಲ್ಲಿ, ಒಂದೊಂದು ಬೈಟಿಗೂ ಮನೆಯ ನಂಬರಿನಂಥ ಒಂದು ವಿಳಾಸವಿರುತ್ತದೆ. ಈ ವಿಳಾಸಗಳ ಬೀದಿಯನ್ನು ಎರಡಾಗಿ ಕಡಿದು, ಕೆಳಗಿನ ಭಾಗವನ್ನು ಬಳಕೆದಾರನ ಪ್ರೋಗ್ರಾಮಿಗೂ ಮೇಲಿನ ಭಾಗವನ್ನು ಕರ್ನೆಲ್ಲಿಗೂ ಬಿಟ್ಟಿರುವರು. ಇಂಟೆಲ್ ಜಾತಿಯ 64 ಬಿಟ್ಟಿನ ಪ್ರೊಸೆಸರುಗಳಲ್ಲಿ ಲಿನಕ್ಸಿನ ರೂಢಿಯ ಏರ್ಪಾಟಿನಂತೆ ಪ್ರೋಗ್ರಾಮಿನ ಪಾಲಿಗೆ ಬರುವ ವಿಳಾಸಗಳು ಎರಡರ 47ನೆಯ ಘಾತದಷ್ಟು, ಅಂದರೆ ಸುಮಾರು 140 ಲಕ್ಷ ಕೋಟಿ. ಇಷ್ಟು ಸ್ಮೃತಿಯನ್ನು ಯಾರೂ ಕೊಂಡು ತಂದಿರುವುದಿಲ್ಲ. ನಂಬರುಗಳಿವೆ, ಮನೆಗಳಿರುವುದು ಅಲ್ಲೊಂದು ಇಲ್ಲೊಂದು.

ಪ್ರೊಸೆಸರು ಎರಡು ಅವಸ್ಥೆಗಳಲ್ಲಿ ಕೆಲಸಮಾಡುವುದು. ಸಾಮಾನ್ಯ ಅವಸ್ಥೆಯಲ್ಲಿರುವಾಗ ಕರ್ನೆಲ್ಲಿನ ಭಾಗದ ಒಂದೇ ಒಂದು ಬೈಟನ್ನು ಓದಹೋದರೂ ಯಂತ್ರವೇ ತಡೆದು ನಿಲ್ಲಿಸುತ್ತದೆ. ಅಧಿಕಾರದ ಅವಸ್ಥೆಗೆ ಬಂದಾಗ ಮಾತ್ರ ಆ ಭಾಗ ತೆರೆಯುವುದು, ಮತ್ತು ಆ ಅವಸ್ಥೆಯಲ್ಲಿ ಓಡುವುದು ಕರ್ನೆಲ್ ಒಂದೇ. ಹಾಡಿನ ಆ್ಯಪ್ ಕೆಟ್ಟು ನಿಂತರೂ ಫೋನು ನಿಲ್ಲದಿರುವುದಕ್ಕೆ ಈ ಬೇಲಿಯೇ ಕಾರಣ. ವಿನೋಬನಗರವೆಂಬ ಹೆಸರು ಯಾರನ್ನು ನೆನಪಿಗೆ ತರುವುದೋ ಆ ವಿನೋಬಾ ಭಾವೆಯವರು 1951ರಿಂದ ಊರೂರು ನಡೆದು, ಬೇಲಿಯೊಳಗಿನ ನೆಲದಲ್ಲಿ ಒಂದು ಪಾಲನ್ನು ಬಿಟ್ಟುಕೊಡಿರೆಂದು ಭೂಮಾಲೀಕರನ್ನು ಬೇಡಿದರು. ಸ್ಮೃತಿಯ ವಿಷಯದಲ್ಲಿ ಅಂಥ ಔದಾರ್ಯಕ್ಕೆ ಎಡೆಯಿಲ್ಲ. ಇಲ್ಲಿ ಒಂದು ಗೇಣು ಬಿಟ್ಟುಕೊಟ್ಟರೆ ಎಲ್ಲವನ್ನೂ ಬಿಟ್ಟುಕೊಟ್ಟಂತೆಯೇ.

ಅರ್ಜಿಯ ಆ್ಯಪಿಗೆ ಕಡತದಲ್ಲಿ ಬರೆಯುವ ಅಧಿಕಾರ ನೇರವಾಗಿ ಇಲ್ಲ. ಅದು ಕರ್ನೆಲ್ಲಿಗೆ ಬಿನ್ನಹ ಮಾಡಿಕೊಳ್ಳಬೇಕು. ಬಿನ್ನಹದಲ್ಲಿ ಪದವಿರುವುದಿಲ್ಲ, ಎರಡು ಸಂಖ್ಯೆಗಳಿರುವುವು: “ಇಂಥ ವಿಳಾಸದಿಂದ ಮೊದಲ್ಗೊಂಡು 24 ಬೈಟುಗಳಿವೆ, ಅವನ್ನು ಈ ಕಡತದಲ್ಲಿ ಬರೆ.” ಕರ್ನೆಲ್ ಆ ವಿಳಾಸಕ್ಕೆ ಹೋಗಿ, 24 ಬೈಟುಗಳನ್ನೂ ತನ್ನ ಭಾಗದ ಒಂದು ಜಾಗಕ್ಕೆ ನಕಲು ಮಾಡಿಕೊಂಡು, ಆಮೇಲೆ ಕಡತದ ಕೆಲಸಕ್ಕೆ ತೊಡಗುವುದು. ಕಡತದಿಂದ ಓದುವಾಗ ಇದೇ ವ್ಯವಹಾರ ತಿರುಗುಮುರುಗಾಗಿ ನಡೆಯುವುದು. ಲಿನಕ್ಸಿನಲ್ಲಿ ಈ ಎರಡು ಕ್ರಿಯೆಗಳಿಗೆ ‘ಕಾಪಿ ಫ್ರಂ ಯೂಸರ್’, ‘ಕಾಪಿ ಟು ಯೂಸರ್’ ಎಂದು ಹೆಸರು. ಅದಕ್ಕೂ ಹಿಂದಿನ ಯೂನಿಕ್ಸಿನಲ್ಲಿ ‘ಕಾಪಿ ಇನ್’, ‘ಕಾಪಿ ಔಟ್’ ಎನ್ನುತ್ತಿದ್ದರು.

ಇಲ್ಲಿ ಬುದ್ಧಿವಂತ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳದೆ ಇರಲಾರನು. ಕರ್ನೆಲ್ ಸರ್ವಾಧಿಕಾರಿಯಷ್ಟೆ? ಆ್ಯಪಿನ ಸ್ಮೃತಿಯನ್ನು ಅದು ಇದ್ದಲ್ಲಿಯೇ ಓದಬಲ್ಲುದು. ಹಾಗಿರಲು ನಕಲೇಕೆ? ಅದರಲ್ಲಿಯೂ, ಬೇರೆ ಹೆಸರಿನ ವಿಶೇಷ ಕ್ರಿಯೆಯೇಕೆ?

ಉತ್ತರಕ್ಕೆ ಹಳೆಯ ಕಾಲದ ಸಬ್ ರಿಜಿಸ್ಟ್ರಾರ್ ಕಚೇರಿಯನ್ನು ನೆನೆದುಕೊಳ್ಳಬಹುದು. ಹೊಲವನ್ನು ಮಾರಿದವನು ಪತ್ರ ಬರೆಯಿಸಿ ತರುತ್ತಿದ್ದನು. 1908ರ ನೋಂದಣಿ ಅಧಿನಿಯಮದಂತೆ, ನೋಂದಣಿಗೆ ಒಪ್ಪಿಕೊಂಡ ಪತ್ರವನ್ನು ಕಚೇರಿಯ ಪುಸ್ತಕದಲ್ಲಿ ನಕಲು ಮಾಡಿಡಬೇಕು. ಗುಮಾಸ್ತರು ಕುಳಿತು ಸಾಲು ಸಾಲಾಗಿ ಕೈಯಲ್ಲಿ ಬರೆದುಕೊಳ್ಳುತ್ತಿದ್ದರು. ಬಂದ ಪತ್ರವೇ ಎದುರಿಗಿದ್ದಾಗ ಈ ಶ್ರಮವೇಕೆಂದರೆ, ಪತ್ರವು ಕಕ್ಷಿಗಾರನ ಕೈಯಲ್ಲಿರುವ ವಸ್ತು. ನಾಳೆ ಅವನು ಅದರಲ್ಲಿ ಒಂದು ಸೊನ್ನೆಯನ್ನು ಸೇರಿಸಬಹುದು. ಪುಸ್ತಕವಾದರೋ ಕಚೇರಿಯ ವಶದಲ್ಲಿರುವುದು. ಮುಂದೆ ವ್ಯಾಜ್ಯ ಬಂದರೆ ಕಚೇರಿಯು ಪುಸ್ತಕವನ್ನು ನೋಡಿಯೇ ಮಾತನಾಡುವುದು. ಕರ್ನೆಲ್ಲಿನ ನಕಲೂ ಇದೇ ಬಗೆಯದು. ಅದು ಸಾಗಾಣಿಕೆಗಿಂತ ಹೆಚ್ಚಾಗಿ ವಶಪಡಿಸಿಕೊಳ್ಳುವ ಕ್ರಿಯೆ. ಈ ಮಾತಿನ ಅರ್ಥ ಪೂರ್ಣವಾಗಿ ತಿಳಿಯಬೇಕಾದರೆ ಗಡಿಯಲ್ಲಿ ಏನೇನು ಮೋಸಗಳು ನಡೆಯಬಲ್ಲವೆಂಬುದನ್ನು ನೋಡಬೇಕು.

ಸುಳ್ಳು ವಿಳಾಸ

ಆ್ಯಪು ಕೊಟ್ಟ ವಿಳಾಸವು ಆ್ಯಪಿನದೇ ಆಗಿರಬೇಕೆಂದು ಏನು ನಿಯಮ? ಅದು ಬೇಕೆಂದೇ ಕರ್ನೆಲ್ಲಿನ ಭಾಗದ ಒಂದು ವಿಳಾಸವನ್ನು ಕೊಟ್ಟು, “ಇಲ್ಲಿರುವ 24 ಬೈಟುಗಳನ್ನು ನನ್ನ ಕಡತದಲ್ಲಿ ಬರೆ” ಎನ್ನಬಹುದು. ತಾನು ನೇರವಾಗಿ ಓದಹೋಗಿದ್ದರೆ ಯಂತ್ರವು ತಡೆಯುತ್ತಿತ್ತು. ಆದರೆ ಈಗ ಓದುತ್ತಿರುವವನು ಕರ್ನೆಲ್, ಅವನಿಗೆ ತಡೆಯಿಲ್ಲ. ಗುಟ್ಟೆಲ್ಲ ಕಡತಕ್ಕೆ ಇಳಿದು ಬರುವುದು. ವ್ಯವಹಾರವು ತಿರುಗುಮುರುಗಾದಾಗ ಅಪಾಯ ಇನ್ನೂ ಘೋರ. “ಈ ಕಡತದಲ್ಲಿರುವುದನ್ನು ಓದಿ ಇಂಥ ವಿಳಾಸದಲ್ಲಿ ಇಡು” ಎಂದು ಕರ್ನೆಲ್ಲಿನ ವಿಳಾಸವನ್ನೇ ಕೊಟ್ಟರೆ, ಕರ್ನೆಲ್ ತನ್ನ ಕೈಯಿಂದಲೇ ತನ್ನ ಮೈಯನ್ನು ತಿದ್ದಿಕೊಳ್ಳುವುದು. ಯಾರು ಒಡೆಯ, ಯಾರು ಸಾಮಾನ್ಯ ಬಳಕೆದಾರ ಎಂಬ ದಾಖಲೆಯೂ ಆ ಸ್ಮೃತಿಯಲ್ಲಿಯೇ ಇರುವುದರಿಂದ, ನಾಲ್ಕು ಬೈಟುಗಳನ್ನು ತಿದ್ದಿಸಿದರೆ ಆಳು ಅರಸನಾಗುತ್ತಾನೆ.

ಆದುದರಿಂದ ನಕಲಿಗೆ ಮೊದಲು ಒಂದು ಲೆಕ್ಕ ನಡೆಯಲೇಬೇಕು: ವಿಳಾಸವೂ, ಅದಕ್ಕೆ ಉದ್ದವನ್ನು ಕೂಡಿದ ಕೊನೆಯೂ ಗಡಿಯ ಈಚೆಗೇ ಇವೆಯೆ? ಕೂಡುವಾಗಲೂ ಎಚ್ಚರ ಬೇಕು. ಉದ್ದವನ್ನು ಅತಿ ದೊಡ್ಡದಾಗಿ ಕೊಟ್ಟರೆ ಮೊತ್ತವು ಗಣಕದ ಸಂಖ್ಯಾಮಿತಿಯನ್ನು ಮೀರಿ, ಬೈಸಿಕಲ್ಲಿನ ಮೈಲಿಯಂತ್ರದಂತೆ ಸುತ್ತಿ ಮತ್ತೆ ಸೊನ್ನೆಯ ಬಳಿಗೆ ಬಂದು, ‘ಈಚೆಗೇ ಇದೆ’ ಎಂಬ ಸುಳ್ಳು ಉತ್ತರವನ್ನು ಕೊಡುವುದು.

ಇಷ್ಟು ಸರಳವಾದ ಲೆಕ್ಕ ತಪ್ಪುವುದು ಹೇಗೆಂದು ಆಶ್ಚರ್ಯಪಡುವವರು ಎರಡು ಘಟನೆಗಳನ್ನು ಕೇಳಬೇಕು. ಫೋನುಗಳಲ್ಲಿರುವ ಆರ್ಮ್ ಜಾತಿಯ ಪ್ರೊಸೆಸರುಗಳಲ್ಲಿ ಹಿಂದೆ ‘ಡೊಮೇನ್’ ಎಂಬ ಒಂದು ಸೌಕರ್ಯವಿತ್ತು. ಅದರ ನೆರವಿನಿಂದ, ಒಂದೆರಡು ಬೈಟುಗಳ ಸಣ್ಣ ನಕಲುಗಳಲ್ಲಿ ಸುಳ್ಳು ವಿಳಾಸವನ್ನು ಯಂತ್ರವೇ ಹಿಡಿಯುತ್ತಿತ್ತು. ಪ್ರೋಗ್ರಾಮಿನಲ್ಲಿ ಬೇರೆ ಲೆಕ್ಕ ಬೇಕಿರಲಿಲ್ಲ. ಹೊಸ ಪ್ರೊಸೆಸರುಗಳಿಗಾಗಿ ಲಿನಕ್ಸನ್ನು ಅಳವಡಿಸುವಾಗ ಈ ಸೌಕರ್ಯದ ಬಳಕೆಯನ್ನು ಬಿಟ್ಟರು. ಕಾವಲುಗಾರನು ಹೋದನು, ಅವನು ಮಾಡುತ್ತಿದ್ದ ಕೆಲಸವನ್ನು ಇನ್ನೊಬ್ಬರಿಗೆ ವಹಿಸಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ದೋಷವನ್ನು 2012ರಲ್ಲಿ ಕಂಡು ಸರಿಪಡಿಸಿದರು. ಆದರೆ ಸರಿಪಡಿಸಿದ್ದು ಕರ್ನೆಲ್ಲಿನ ಮೂಲ ಬರಹದಲ್ಲಿ, ಜನರ ಜೇಬಿನ ಫೋನುಗಳಲ್ಲಿ ಅಲ್ಲ. 2013ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಇದೇ ದೋಷವನ್ನು ಹಿಡಿದು ಆಂಡ್ರಾಯ್ಡ್ ಸಾಧನಗಳನ್ನು ಪೂರ್ಣವಾಗಿ ವಶಪಡಿಸಿಕೊಳ್ಳುವ ಪ್ರೋಗ್ರಾಮುಗಳು ಹೊರಬಿದ್ದವು. ಮದ್ದು ಸಿದ್ಧವಾಗಿ ಒಂದು ವರ್ಷ ಕಳೆದ ಮೇಲೆ ರೋಗ ಹರಡಿತು.

ಎರಡನೆಯದು 2017ರಲ್ಲಿ ನಡೆದದ್ದು. ಮಗುವಿನ, ಅಂದರೆ ತಾನೇ ಹುಟ್ಟಿಸಿದ ಪ್ರೋಗ್ರಾಮಿನ, ಕೆಲಸ ಮುಗಿಯುವ ತನಕ ಕಾಯುವ ‘ವೇಟ್‌ಐಡಿ’ ಎಂಬ ಒಂದು ಕರೆ ಲಿನಕ್ಸಿನಲ್ಲಿದೆ. ಅದರ ಬರೆವಣಿಗೆಯನ್ನು ಚೊಕ್ಕಗೊಳಿಸುವ ಭರದಲ್ಲಿ, ಫಲಿತಾಂಶವನ್ನು ಹೊರಗಿಡುವ ಮೊದಲು ಮಾಡಬೇಕಾದ ವಿಳಾಸದ ಲೆಕ್ಕವೇ ಬಿಟ್ಟುಹೋಯಿತು. ಸೆಪ್ಟೆಂಬರಿನಲ್ಲಿ ಹೊರಬಂದ 4.13ನೆಯ ಆವೃತ್ತಿಯಲ್ಲಿ ಈ ದೋಷವಿತ್ತು; ಅಕ್ಟೋಬರಿನಲ್ಲಿ ತಿದ್ದಿದರು. ವಿಳಾಸದ ಲೆಕ್ಕ ಒಂದು ಕಡೆ, ಗಡಿಯ ಬಾಗಿಲನ್ನು ತೆರೆಯುವ ಆಜ್ಞೆ ಇನ್ನೊಂದು ಕಡೆ ಇದ್ದುದೇ ಇದರ ಮೂಲವೆಂದು ಕಂಡುಕೊಂಡು, 2019ರ 5.0 ಆವೃತ್ತಿಯಲ್ಲಿ ಎರಡನ್ನೂ ಒಂದೇ ಕ್ರಿಯೆಯಾಗಿ ಬೆಸೆದರು. ಲೆಕ್ಕ ಮಾಡದೆ ಬಾಗಿಲು ತೆರೆಯಲು ಈಗ ಬರುವುದಿಲ್ಲ. ಪ್ರೋಗ್ರಾಂ ಬರೆಯುವವನ ನೆನಪನ್ನು ನಂಬುವುದಕ್ಕಿಂತ ಇದು ಎಷ್ಟೋ ಮೇಲೆಂದು ನನ್ನ ಅಭಿಪ್ರಾಯ.

ಕಾಣೆಯಾದ ಪುಟ

ವಿಳಾಸವು ಗಡಿಯ ಈಚೆಗಿದ್ದರೂ ಅಲ್ಲಿ ಮನೆ ಇರಲೇಬೇಕೆಂದಿಲ್ಲ ಎಂದು ಹಿಂದೆಯೇ ಹೇಳಿದೆನಷ್ಟೆ. ಸ್ಮೃತಿಯನ್ನು ಸಾಮಾನ್ಯವಾಗಿ 4096 ಬೈಟುಗಳ ಪುಟಗಳಾಗಿ ವಿಂಗಡಿಸಿರುವರು. ಒಂದು ಪುಟ ಸ್ಮೃತಿಯಲ್ಲಿಯೇ ಇರಬಹುದು. ತಾತ್ಕಾಲಿಕವಾಗಿ ಡಿಸ್ಕಿಗೆ ಹೋಗಿರಬಹುದು. ಅಥವಾ ಅಂಥ ಪುಟವೇ ಇಲ್ಲದಿರಬಹುದು. ಪುಟಗಳನ್ನು ಹೀಗೆ ತರಿಸಿಕೊಳ್ಳುವ ಉಪಾಯವು 1962ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಕೆಲಸಕ್ಕೆ ತೊಡಗಿದ ಅಟ್ಲಾಸ್ ಗಣಕದಷ್ಟು ಹಳೆಯದು.

ನಮ್ಮ ಪದವು ಒಂದು ಪುಟದ ಅಂಚಿನಲ್ಲಿ ಕುಳಿತಿದೆಯೆನ್ನಿ. ‘ವಿನ’ ಎಂಬ ಮೊದಲ 9 ಬೈಟುಗಳು ಈ ಪುಟದಲ್ಲಿ. ಓಕಾರದ ಚಿಹ್ನೆಯಿಂದ ಮುಂದಿನ 15 ಬೈಟುಗಳು ಮುಂದಿನ ಪುಟದಲ್ಲಿ. ಕರ್ನೆಲ್ 9 ಬೈಟುಗಳನ್ನು ನಕಲು ಮಾಡಿ ಹತ್ತನೆಯದಕ್ಕೆ ಕೈಚಾಚಿದಾಗ ಪುಟವಿಲ್ಲದೆ ಪ್ರೊಸೆಸರು ಎಡವುವುದು. ಇದಕ್ಕೆ ಪುಟದೋಷವೆಂದು ಹೆಸರು. ಪುಟ ಡಿಸ್ಕಿನಲ್ಲಿದ್ದರೆ ಅದನ್ನು ತರಿಸಿ, ಎಡವಿದ ಆಜ್ಞೆಯನ್ನೇ ಮತ್ತೆ ನಡೆಸಿದರೆ ಸಾಕು. ಪುಟ ಎಲ್ಲಿಯೂ ಇಲ್ಲದಿದ್ದರೆ? ಸಾಮಾನ್ಯ ಪ್ರೋಗ್ರಾಂ ಹೀಗೆ ಎಡವಿದರೆ ಅದನ್ನು ಕೊಂದುಹಾಕುವುದು ಪದ್ಧತಿ. ಈಗ ಎಡವಿರುವುದು ಕರ್ನೆಲ್. ಅದನ್ನು ಕೊಂದರೆ ಯಂತ್ರವೇ ಸತ್ತಂತೆ. ಯಾವನೋ ಒಬ್ಬ ಕಕ್ಷಿಗಾರನು ಇಲ್ಲದ ವಿಳಾಸ ಕೊಟ್ಟನೆಂದು ಇಡೀ ಕಚೇರಿ ಕುಸಿದುಬೀಳುವುದು ಸರಿಯೆ?

ಹಳೆಯ ಲಿನಕ್ಸಿನಲ್ಲಿ ಇದಕ್ಕೆ ಕಂಡುಕೊಂಡಿದ್ದ ಉಪಾಯ ಸರಳವಾದುದು: ನಕಲಿಗೆ ಮೊದಲೇ ಆ ವಿಳಾಸಗಳು ಪ್ರೋಗ್ರಾಮಿಗೆ ಸೇರಿದ ಪ್ರದೇಶದಲ್ಲಿವೆಯೇ ಎಂದು ಪಟ್ಟಿಗಳನ್ನು ಹುಡುಕಿ ನೋಡುವುದು. ಪ್ರತಿಯೊಂದು ಕರೆಗೂ ಈ ಹುಡುಕಾಟ. ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಸಲ ವಿಳಾಸ ಸರಿಯಾಗಿಯೇ ಇರುತ್ತದೆಂದು ತಿಳಿದೂ ಪ್ರತಿ ಸಲವೂ ಕಾಲವನ್ನು ಕಳೆಯಬೇಕಾಗಿತ್ತು. ಅದರ ಮೇಲೆ ಲಿನಕ್ಸ್ ಹುಟ್ಟಿದ ಇಂಟೆಲ್ 386 ಪ್ರೊಸೆಸರಿನಲ್ಲಿ ಒಂದು ವಿಚಿತ್ರ ಕೊರತೆಯಿತ್ತು. ಪುಟವೊಂದನ್ನು ‘ಓದಲು ಮಾತ್ರ’ ಎಂದು ಗುರುತು ಮಾಡಿದರೂ, ಅಧಿಕಾರದ ಅವಸ್ಥೆಯಲ್ಲಿ ಬರೆಯಹೊರಟರೆ ಆ ಗುರುತನ್ನು ಅದು ಲೆಕ್ಕಿಸುತ್ತಿರಲಿಲ್ಲ. ಇದರಿಂದೇನಾಯಿತು? ಒಂದು ಪ್ರೋಗ್ರಾಂ ತನ್ನ ಪ್ರತಿರೂಪವಾದ ಮಗುವನ್ನು ಹುಟ್ಟಿಸಿದಾಗ ಪುಟಗಳನ್ನೆಲ್ಲ ಆಗಲೇ ಇಬ್ಬಗೆ ಮಾಡುವುದಿಲ್ಲ. ತಾಯಿ ಮಕ್ಕಳಿಬ್ಬರೂ ಒಂದೇ ಪುಟವನ್ನು ನೋಡುತ್ತಿರುವರು. ಯಾರಾದರೂ ಬರೆಯಹೊರಟಾಗ ‘ಓದಲು ಮಾತ್ರ’ ಎಂಬ ಗುರುತಿಗೆ ತಾಗಿ ದೋಷವುಂಟಾಗಿ, ಆಗ ಬೇರೆ ಪುಟ ಸಿದ್ಧವಾಗುವುದು. 386ರಲ್ಲಿ ಕರ್ನೆಲ್ ತಾಯಿಗೆಂದು ಬರೆದದ್ದು ಯಾವ ತಡೆಯೂ ಇಲ್ಲದೆ ಮಗುವಿನ ಪುಟಕ್ಕೂ ಬರೆದಂತಾಗುತ್ತಿತ್ತು! ಇದನ್ನು ತಪ್ಪಿಸಲು ಕರ್ನೆಲ್ ಪುಟದ ಗುರುತುಗಳನ್ನು ತಾನೇ ಒಂದೊಂದಾಗಿ ನೋಡಬೇಕಾಯಿತು. 1989ರಲ್ಲಿ ಬಂದ 486ರಲ್ಲಿ ಈ ಕೊರತೆಯನ್ನು ನೀಗಿದ್ದರೂ, 386ರ ಸಲುವಾಗಿ ಬರೆದ ಬಳಸುದಾರಿಗಳು ಕರ್ನೆಲ್ಲಿನಲ್ಲಿ ಬಹುಕಾಲ ಉಳಿದವು. 2013ರ 3.8 ಆವೃತ್ತಿಯಲ್ಲಿ ಲಿನಕ್ಸ್ ತನ್ನ ತೊಟ್ಟಿಲಾದ 386ಕ್ಕೆ ವಿದಾಯ ಹೇಳಿತು.

1996ರಲ್ಲಿ ಆರಂಭವಾದ 2.1 ಆವೃತ್ತಿಗಳ ಸರಣಿಯಲ್ಲಿ ಹುಡುಕಾಟವನ್ನೇ ಬಿಟ್ಟುಕೊಟ್ಟರು. ಅದರ ಸ್ಥಳದಲ್ಲಿ ಬಂದ ಉಪಾಯವು ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವ ಭಾಗ. ಗಡಿಯ ಸರಳ ಲೆಕ್ಕವೊಂದನ್ನು ಉಳಿಸಿಕೊಂಡು, ಮಿಕ್ಕುದಕ್ಕೆ ಕರ್ನೆಲ್ ನೇರವಾಗಿ ನಕಲಿಗೆ ಕೈಹಾಕುವುದು. ಎಡವಿದರೆ ಎಡವಲಿ! ಆದರೆ ಎಲ್ಲೆಲ್ಲಿ ಎಡವುವ ಸಂಭವವಿದೆಯೋ ಆ ಆಜ್ಞೆಗಳ ವಿಳಾಸಗಳನ್ನು ಮೊದಲೇ ಒಂದು ಕೋಷ್ಟಕದಲ್ಲಿ ಬರೆದಿಟ್ಟಿರುವರು. ಒಂದೊಂದರ ಎದುರಿಗೂ ‘ಇಲ್ಲಿ ಎಡವಿದರೆ ಅಲ್ಲಿಗೆ ಹೋಗು’ ಎಂಬ ಇನ್ನೊಂದು ವಿಳಾಸ. ಪುಟದೋಷವಾಗಿ, ಪುಟವೆಲ್ಲಿಯೂ ಸಿಕ್ಕದಿದ್ದಾಗ ಕರ್ನೆಲ್ ಈ ಕೋಷ್ಟಕವನ್ನು ತೆರೆದು ನೋಡುವುದು. ಎಡವಿದ ಆಜ್ಞೆ ಅದರಲ್ಲಿದ್ದರೆ, ಇದು ಕಕ್ಷಿಗಾರನ ತಪ್ಪೆಂದು ತೀರ್ಮಾನಿಸಿ ಸೂಚಿಸಿದ ಜಾಗಕ್ಕೆ ಹಾರುವುದು. ಇಲ್ಲದಿದ್ದರೆ ತನ್ನದೇ ದೋಷವೆಂದು ಬೊಬ್ಬೆಯಿಡುವುದು. ಎಲ್ಲವೂ ಸರಿಯಾಗಿರುವಾಗ ಈ ಕೋಷ್ಟಕದಿಂದ ಒಂದು ಕ್ಷಣದ ವೆಚ್ಚವೂ ಇಲ್ಲ.

ಹಾರಿದ ಮೇಲೆ ನಕಲಿನ ಕ್ರಿಯೆಯು ತನ್ನನ್ನು ಕರೆದವರಿಗೆ ‘15’ ಎಂಬ ಸಂಖ್ಯೆಯನ್ನು ತಿಳಿಸುವುದು. ಅದು ಉಳಿದುಹೋದ ಬೈಟುಗಳ ಸಂಖ್ಯೆ, ನಕಲಾದವುಗಳದಲ್ಲ. ಎಲ್ಲವೂ ಸಾಗಿದ್ದರೆ ಉತ್ತರ ಸೊನ್ನೆ. ಹೊಸಬರು ಇದನ್ನು ತಿರುಗುಮುರುಗಾಗಿ ಓದಿಕೊಂಡು ಪೇಚಿಗೆ ಸಿಕ್ಕುವುದು ಸಾಮಾನ್ಯ. ನಕಲಾಗದೆ ಉಳಿದ 15 ಬೈಟುಗಳ ಜಾಗವನ್ನು ಕರ್ನೆಲ್ ತನ್ನ ಕಡೆಯಲ್ಲಿ ಸೊನ್ನೆಗಳಿಂದ ತುಂಬಿಡುವುದು. ಹಿಂದಿನ ಯಾವುದೋ ಕಸವನ್ನು ಮಾಹಿತಿಯೆಂದು ಯಾರೂ ಓದಬಾರದಷ್ಟೆ. ಆ್ಯಪಿಗೆ ಹೋಗುವ ಉತ್ತರ ಸಾಮಾನ್ಯವಾಗಿ ‘ತಪ್ಪು ವಿಳಾಸ’ ಎಂಬರ್ಥದ 14ನೆಯ ದೋಷಸಂಖ್ಯೆ. ಯೂನಿಕ್ಸಿನ ಕಾಲದಿಂದಲೂ ಈ ದೋಷಕ್ಕೆ ಅದೇ ಸಂಖ್ಯೆ.

ನಡುವೆ ಬದಲಾದ ಅಕ್ಷರಗಳು

ಮೂರನೆಯ ಮೋಸ ಸೂಕ್ಷ್ಮವಾದುದು. ಒಂದು ಊಹೆ ಮಾಡೋಣ. ‘ವಿನೋಬನಗರ’ ಎಂಬ ಹೆಸರಿನ ಕಡತ ನಮ್ಮ ಆ್ಯಪಿನದು; ‘ದಾವಣಗೆರೆ’ ಎಂಬ ಹೆಸರಿನದು ಬೇರೆಯವರದು, ಅದನ್ನು ತೆರೆಯಲು ಇದಕ್ಕೆ ಹಕ್ಕಿಲ್ಲ. ಆ್ಯಪು ‘ವಿನೋಬನಗರ’ವನ್ನು ತೆರೆಯೆಂದು ಬಿನ್ನಹ ಮಾಡುವುದು. ಕರ್ನೆಲ್ ನಕಲು ಮಾಡಿಕೊಳ್ಳದೆ, ಆ್ಯಪಿನ ಸ್ಮೃತಿಯಲ್ಲಿಯೇ ಹೆಸರನ್ನು ಓದಿ, ಹಕ್ಕಿದೆಯೆಂದು ನಿರ್ಧರಿಸಿ, ಬಳಿಕ ತೆರೆಯುವುದಕ್ಕಾಗಿ ಅದೇ ಜಾಗದಿಂದ ಹೆಸರನ್ನು ಎರಡನೆಯ ಸಲ ಓದುವುದೆನ್ನಿ. ಇಂದಿನ ಫೋನುಗಳಲ್ಲಿ ಒಂದಲ್ಲ, ಎಂಟು ಕೋರುಗಳಿರುವುದು ಸಾಮಾನ್ಯ. ಆ್ಯಪಿನ ಇನ್ನೊಂದು ಎಳೆ ಬೇರೊಂದು ಕೋರಿನಲ್ಲಿ ಅದೇ ಹೊತ್ತಿಗೆ ಓಡುತ್ತಿರಬಹುದು. ಎರಡು ಓದುಗಳ ನಡುವಣ ಸಂದಿನಲ್ಲಿ ಆ ಎಳೆಯು ‘ವಿನೋಬನಗರ’ವನ್ನು ಅಳಿಸಿ ‘ದಾವಣಗೆರೆ’ ಎಂದು ಬರೆದುಬಿಟ್ಟರೆ? ‘ದಾವಣಗೆರೆ’ಯೂ ಎಂಟು ಘಟಕಗಳು, 24 ಬೈಟುಗಳೇ, ಉದ್ದವನ್ನು ಅಳೆದು ನೋಡಿದರೂ ಗುಟ್ಟು ಹೊರಬೀಳದು. ತಪಾಸಣೆಯಾದದ್ದು ಒಂದು ಹೆಸರು, ತೆರೆದದ್ದು ಇನ್ನೊಂದು.

ಹೆಸರಿನ ಬದಲು ಉದ್ದವನ್ನೇ ಬದಲಿಸುವ ತಂತ್ರವೂ ಇದೆ. ಮೊದಲ ಓದಿನಲ್ಲಿ 24 ಎಂದಿದ್ದ ಸಂಖ್ಯೆ ಎರಡನೆಯ ಓದಿನಲ್ಲಿ 4000 ಆಗಿದ್ದರೆ, 24ಕ್ಕೆಂದು ಸಿದ್ಧಮಾಡಿದ ಜಾಗದಲ್ಲಿ 4000 ಬೈಟುಗಳು ಬಂದು ಸುರಿದು ಅಕ್ಕಪಕ್ಕದ ಕರ್ನೆಲ್ ಸ್ಮೃತಿಯನ್ನು ಹಾಳುಮಾಡುವುವು. ಇಂಥ ಎರಡು ಸಲದ ಓದುಗಳನ್ನು ಹುಡುಕಿ ತೆಗೆಯಲು ಗೂಗಲ್ ಸಂಸ್ಥೆಯ ಇಬ್ಬರು ಸಂಶೋಧಕರು ವಿಂಡೋಸನ್ನು ಇನ್ನೊಂದು ಪ್ರೋಗ್ರಾಮಿನೊಳಗಣ ಕೃತಕ ಗಣಕದಲ್ಲಿ ಓಡಿಸಿ, ಕರ್ನೆಲ್ ಸ್ಮೃತಿಯಲ್ಲಿ ಮುಟ್ಟಿದ ಪ್ರತಿಯೊಂದು ಜಾಗವನ್ನೂ ದಾಖಲೆಮಾಡಿದರು. ಇದು 2013ರಲ್ಲಿ ಪ್ರಕಟವಾಯಿತು. ಹತ್ತಾರು ದೋಷಗಳು ಅವರಿಗೆ ಸಿಕ್ಕಿದುವು.

ಈಗ ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕವನ್ನು ವಾಚಕರು ಮತ್ತೆ ನೆನೆದುಕೊಳ್ಳಬೇಕು. ಮೊದಲು ನಕಲು, ಆಮೇಲೆ ತಪಾಸಣೆ, ತಪಾಸಣೆ ಕೇವಲ ನಕಲಿನ ಮೇಲೆ: ಮೋಸಕ್ಕೆ ಇದಕ್ಕಿಂತ ಬೇರೆ ಮದ್ದಿಲ್ಲ. ಕಡತಗಳ ಹೆಸರಿನ ವಿಷಯದಲ್ಲಿ ಲಿನಕ್ಸ್ ಮಾಡುವುದೂ ಇದನ್ನೇ. ಹೆಚ್ಚೆಂದರೆ 4096 ಬೈಟುಗಳ ಮಿತಿಯೊಳಗೆ ಹೆಸರನ್ನು ಒಂದು ಸಲ ತನ್ನ ಭಾಗಕ್ಕೆ ತಂದುಕೊಂಡ ಮೇಲೆ ಆ್ಯಪಿನ ಪ್ರತಿಯತ್ತ ಅದು ತಿರುಗಿ ನೋಡುವುದಿಲ್ಲ.

ಒರೆಸದ ಹಲಗೆ

ಇಲ್ಲಿಯ ತನಕ ಒಳಕ್ಕೆ ಬರುವ ಮಾಲಿನ ಮಾತಾಯಿತು. ಹೊರಕ್ಕೆ ಹೋಗುವುದರಲ್ಲಿಯೂ ಒಂದು ಅಪಾಯವಿದೆ, ಅದು ಕರ್ನೆಲ್ಲಿನದೇ ಸೋಮಾರಿತನದಿಂದ ಆಗುವಂಥದು. ಒಂದು ಬೈಟಿನ ಗುರುತೊಂದು, ಅದರ ಮುಂದೆ 8 ಬೈಟುಗಳ ಸಂಖ್ಯೆಯೊಂದು, ಇವೆರಡನ್ನೂ ಒಂದು ಕಟ್ಟಾಗಿ ಕಳುಹಿಸಬೇಕಾಗಿದೆಯೆನ್ನಿ. ಕೂಡಿದರೆ 9 ಬೈಟುಗಳು. ಆದರೆ 8 ಬೈಟುಗಳ ಸಂಖ್ಯೆ ಎಂಟರಿಂದ ಭಾಗವಾಗುವ ವಿಳಾಸದಲ್ಲಿ ಕುಳಿತಿದ್ದರೆ ಪ್ರೊಸೆಸರಿಗೆ ಅನುಕೂಲವಾದುದರಿಂದ ನಡುವೆ 7 ಬೈಟುಗಳನ್ನು ಖಾಲಿ ಬಿಟ್ಟು ಕಟ್ಟನ್ನು 16 ಬೈಟುಗಳದಾಗಿ ಮಾಡುವುದು ಪದ್ಧತಿ. ಖಾಲಿಯೆಂದೆನು, ನಿಜವಾಗಿ ಅಲ್ಲಿ ಹಿಂದಿನ ಕೆಲಸದ ಅವಶೇಷವಿರುತ್ತದೆ. ಹಲಗೆಯನ್ನು ಒರೆಸದೆ ಹೊಸ ಲೆಕ್ಕ ಬರೆದರೆ ಮೂಲೆಯಲ್ಲಿ ಹಳೆಯದು ಕಾಣುವುದಲ್ಲವೆ? 16 ಬೈಟುಗಳನ್ನೂ ಹಾಗೆಯೇ ಹೊರಗೆ ನಕಲು ಮಾಡಿದರೆ ಆ 7 ಬೈಟುಗಳಲ್ಲಿ ಕರ್ನೆಲ್ಲಿನ ಒಳವಿಳಾಸದ ತುಣುಕು, ಇಲ್ಲವೆ ಇನ್ನೊಬ್ಬರ ರಹಸ್ಯದ ತುಣುಕು ಜೊತೆಗೆ ಹೋಗಿಬಿಡುವುದು. ಮೊದಲು ಎಲ್ಲವನ್ನೂ ಸೊನ್ನೆ ಮಾಡಿ ಆಮೇಲೆ ತುಂಬಬೇಕು; ಬೇರೆ ಗುಟ್ಟೇನೂ ಇಲ್ಲ. 2016ರ 4.8 ಆವೃತ್ತಿಯಿಂದೀಚೆಗೆ ಇನ್ನೊಂದು ಕಾವಲು ಸೇರಿದೆ. ನಕಲಿಗೆ ಹೊರಟ ಕರ್ನೆಲ್ ಜಾಗವು ಅಷ್ಟು ಉದ್ದದ್ದು ಹೌದೇ, 100 ಬೈಟುಗಳ ಪೆಟ್ಟಿಗೆಯಿಂದ 200 ಬೈಟುಗಳನ್ನು ಎತ್ತುತ್ತಿಲ್ಲವಷ್ಟೆ ಎಂದು ಅದು ಅಳೆದು ನೋಡುವುದು.

ಯಂತ್ರಗಳನ್ನು ಮಾಡುವವರೂ ಸುಮ್ಮನೆ ಕುಳಿತಿಲ್ಲ. 2014ರಿಂದ ಬಂದ ಇಂಟೆಲ್ ಪ್ರೊಸೆಸರುಗಳಲ್ಲಿ ಕರ್ನೆಲ್ಲಿಗೂ ಒಂದು ಬೀಗವಿದೆ: ಅಧಿಕಾರದ ಅವಸ್ಥೆಯಲ್ಲಿದ್ದರೂ ಅದು ಬಳಕೆದಾರನ ಸ್ಮೃತಿಯನ್ನು ಸುಮ್ಮಸುಮ್ಮನೆ ಮುಟ್ಟುವಂತಿಲ್ಲ. ನಕಲಿನ ಕ್ರಿಯೆಯು ಒಂದು ಆಜ್ಞೆಯಿಂದ ಬೀಗ ತೆರೆದು, ಕೆಲಸ ಮುಗಿಸಿ, ಇನ್ನೊಂದು ಆಜ್ಞೆಯಿಂದ ಮುಚ್ಚುವುದು. ಆರ್ಮ್ ಪ್ರೊಸೆಸರುಗಳಿಗೂ ಇಂಥದೇ ಬೀಗ ಬಂದಿತು. ವಿಶೇಷ ಹೆಸರಿನ ಕ್ರಿಯೆ ಏಕೆಂದು ಕೇಳಿದ್ದ ವಿದ್ಯಾರ್ಥಿಗೆ ಇದೂ ಒಂದು ಉತ್ತರ. ಬೀಗದ ಕೈ ಇರುವುದು ಆ ಕ್ರಿಯೆಯ ಬಳಿಯಲ್ಲಿ ಮಾತ್ರ. ಯಂತ್ರದ ಬೇಲಿಯಾದರೂ ಅಭೇದ್ಯವೆಂದು ಭಾವಿಸಬಾರದು. 2018ರ ಜನವರಿಯಲ್ಲಿ ಪ್ರಕಟವಾದ ‘ಮೆಲ್ಟ್‌ಡೌನ್’ ಎಂಬ ದೋಷದಲ್ಲಿ, ತಡೆಯಬೇಕಾದ ಓದನ್ನು ಪ್ರೊಸೆಸರು ಮುಂಗಡವಾಗಿ ಮಾಡಿ ಆಮೇಲೆ ರದ್ದುಪಡಿಸುವುದರಿಂದ ಉಳಿಯುವ ಜಾಡನ್ನು ಹಿಡಿದು ಕರ್ನೆಲ್ಲಿನ ಸ್ಮೃತಿಯನ್ನು ಹೊರಗಿನಿಂದ ಓದಲು ಬರುತ್ತಿತ್ತು. ಅದರ ಕಥೆಗೆ ಬೇರೆ ಲೇಖನವೇ ಬೇಕು.

ನಕಲಿನ ಬೆಲೆ

ಪ್ರೊಸೆಸರು ಸೆಕೆಂಡಿಗೆ ಹಲವು ಶತಕೋಟಿ ಬೈಟುಗಳನ್ನು ನಕಲು ಮಾಡಬಲ್ಲುದು. 24 ಬೈಟುಗಳು ಅದಕ್ಕೆ ಒಂದು ಲೆಕ್ಕವಲ್ಲ. ಆದರೆ ಕಾಲೇಜೊಂದು ತನ್ನ ಗಣಕದಿಂದ ಒಂದು ಗಂಟೆಯ ಪಾಠದ ವೀಡಿಯೋವನ್ನು ನೂರಾರು ವಿದ್ಯಾರ್ಥಿಗಳಿಗೆ ಕಳುಹಿಸುತ್ತಿದ್ದರೆ ಲೆಕ್ಕ ಬೇರೆಯಾಗುವುದು. ಡಿಸ್ಕಿನಿಂದ ಕರ್ನೆಲ್ಲಿಗೆ, ಕರ್ನೆಲ್ಲಿನಿಂದ ಪ್ರೋಗ್ರಾಮಿಗೆ, ಪ್ರೋಗ್ರಾಮಿನಿಂದ ಮತ್ತೆ ಕರ್ನೆಲ್ಲಿಗೆ, ಅಲ್ಲಿಂದ ಜಾಲದ ಯಂತ್ರಕ್ಕೆ: ಒಂದೊಂದು ಬೈಟೂ ನಾಲ್ಕು ಸಲ ಸ್ಥಳ ಬದಲಿಸುವುದು. ಮೊದಲನೆಯದನ್ನೂ ಕೊನೆಯದನ್ನೂ ಆಯಾ ಯಂತ್ರಗಳೇ ನೋಡಿಕೊಳ್ಳುವುವು. ನಡುವಣ ಎರಡು ನಕಲುಗಳು ಪ್ರೊಸೆಸರಿನ ತಲೆಯ ಮೇಲೆ. ಪ್ರೋಗ್ರಾಂ ಆ ವೀಡಿಯೋದ ಒಂದು ಬೈಟನ್ನೂ ನೋಡುವುದಿಲ್ಲ, ಈ ಕೈಯಿಂದ ತೆಗೆದು ಆ ಕೈಗೆ ಕೊಡುವುದಷ್ಟೆ. ಹರಿಹರದಿಂದ ಹೊರಟ ಸರಕು ದಾವಣಗೆರೆಯಲ್ಲಿ ಇಳಿದು, ಮತ್ತೆ ಹರಿಹರಕ್ಕೆ ಬಂದು ಹುಬ್ಬಳ್ಳಿಯ ರೈಲು ಹತ್ತಿದಂತೆ! 1999ರ 2.2 ಆವೃತ್ತಿಯ ಹೊತ್ತಿಗೆ ಲಿನಕ್ಸಿಗೆ ಸೇರಿದ ‘ಸೆಂಡ್‌ಫೈಲ್’ ಎಂಬ ಕರೆಯು ಈ ವ್ಯರ್ಥ ಪ್ರಯಾಣವನ್ನು ತಪ್ಪಿಸಿತು. “ಈ ಕಡತವನ್ನು ಆ ಜಾಲಕ್ಕೆ ಸೇರಿಸು” ಎಂದರೆ ಸರಕು ಗಡಿಯನ್ನು ದಾಟುವುದೇ ಇಲ್ಲ.

ಕರ್ನೆಲ್ಲೂ ಪ್ರೋಗ್ರಾಮೂ ಕೆಲವು ಪುಟಗಳನ್ನು ಹಂಚಿಕೊಂಡು, ಬಿನ್ನಹಗಳನ್ನು ಅಲ್ಲಿಯೇ ಬರೆದಿಡುವ ಪದ್ಧತಿಯೂ ಇದೆ. 2019ರಲ್ಲಿ ಬಂದ ‘ಐಓ ಯೂರಿಂಗ್’ ಇದಕ್ಕೆ ಪ್ರಸಿದ್ಧ ಉದಾಹರಣೆ. ವೇಗ ಹೆಚ್ಚುವುದು ನಿಜ. ಆದರೆ ಹಂಚಿಕೊಂಡ ಪುಟದಲ್ಲಿ ಬರೆದುದನ್ನು ಆಚೆಯವನು ಯಾವ ಕ್ಷಣದಲ್ಲಾದರೂ ತಿದ್ದಬಹುದಾದುದರಿಂದ, ನಾವು ಮೂರನೆಯ ಮೋಸವೆಂದು ಕರೆದುದು ಇಲ್ಲಿ ಹೆಜ್ಜೆಹೆಜ್ಜೆಗೂ ಕಾದಿರುವುದು. ಮುಖ್ಯವಾದ ಸಂಖ್ಯೆಗಳನ್ನು ಅಲ್ಲಿಯೂ ಒಂದು ಸಲ ತನ್ನ ಕಡೆಗೆ ಬರೆದುಕೊಂಡೇ ಕರ್ನೆಲ್ ಮುಂದುವರಿಯಬೇಕು.

ಲಿನಕ್ಸಿನ ಬಹುಭಾಗ ಸಿ ಎಂಬ ಭಾಷೆಯಲ್ಲಿದೆ. ಅದರಲ್ಲಿ ಒಂದೇ ವಿಳಾಸದಿಂದ ಎರಡು ಸಲ ನಕಲು ಮಾಡಲು ಯಾವ ಅಡ್ಡಿಯೂ ಇಲ್ಲ; ಎಚ್ಚರವೆಲ್ಲ ಬರೆಯುವವನದು. 2022ರ ಕೊನೆಯಿಂದ ರಸ್ಟ್ ಎಂಬ ಇನ್ನೊಂದು ಭಾಷೆಗೂ ಕರ್ನೆಲ್ಲಿನಲ್ಲಿ ಸ್ಥಾನ ದೊರೆಯಿತು, ಮತ್ತು 2024ರಲ್ಲಿ ಆ ಭಾಷೆಯ ಮೂಲಕ ಗಡಿಯ ನಕಲು ನಡೆಸುವ ಒಂದು ಹೊಸ ಏರ್ಪಾಟು ಸೇರಿತು. ಅದರಲ್ಲಿ ಬರಿಯ ವಿಳಾಸವನ್ನು ಕೈಗೆ ಕೊಡುವುದಿಲ್ಲ, ಒಬ್ಬ ‘ಓದುಗ’ನನ್ನು ಕೊಡುವರು. ಅವನು ಓದಿದಷ್ಟೂ ಮುಂದಕ್ಕೆ ಸರಿಯುವನು, ತಾನಾಗಿ ಹಿಂದಕ್ಕೆ ಬರಲಾರನು. ಎರಡನೆಯ ಸಲ ಓದಲೇಬೇಕೆನ್ನುವವನು ಅದಕ್ಕಾಗಿ ಇನ್ನೊಬ್ಬ ಓದುಗನನ್ನು ಬುದ್ಧಿಪೂರ್ವಕವಾಗಿ ಮಾಡಿಕೊಳ್ಳಬೇಕು. ನಮ್ಮ ವಿದ್ಯಾರ್ಥಿನಿಯ ‘ವಿನೋಬನಗರ’ವನ್ನು ಇವನಿಂದ ಓದಿಸಿದರೆ 24ನೆಯ ಬೈಟಿಗೆ ಅವನ ಕೈ ಬರಿದಾಗುವುದು. ಮತ್ತೊಂದು ಬೈಟನ್ನು ಕೇಳಿದರೆ ಸಿಕ್ಕುವುದು ‘ತಪ್ಪು ವಿಳಾಸ’ವೆಂಬ ಅದೇ ಹಳೆಯ 14ನೆಯ ದೋಷಸಂಖ್ಯೆ.